ಬೇವಿನೆಲೆಯೂ ಬೆಳ್ಳಿಯ ಕಣವೂ

ಬೇವಿನೆಲೆಯ ಕಷಾಯಕ್ಕೆ ಬೆಳ್ಳಿಯ ನೈಟ್ರೇಟಿನ ತೆಳುವಾದ ದ್ರಾವಣವನ್ನು ಬೆರೆಸಿಟ್ಟರೆ, ಕೆಲವು ಗಂಟೆಗಳಲ್ಲಿ ಮಿಶ್ರಣವು ಹಳದಿಗೆ ತಿರುಗಿ, ಬಳಿಕ ಕಂದುಬಣ್ಣವನ್ನು ತಾಳುತ್ತದೆ. ಈ ಪ್ರಯೋಗವು ಇಂದು ನಮ್ಮ ಕಾಲೇಜುಗಳಲ್ಲಿ ಬಹು ಜನಪ್ರಿಯವಾಗಿದೆ. ಒಂದು ವರ್ಷ ತುಳಸಿ, ಮರುವರ್ಷ ನುಗ್ಗೆ, ಆಮೇಲೆ ಸೀಬೆ. ಎಲೆ ಬದಲಾಗುತ್ತದೆ, ವರದಿಯ ಕೊನೆಯ ವಾಕ್ಯ ಮಾತ್ರ ಬದಲಾಗುವುದಿಲ್ಲ: “ಈ ಕಣಗಳು ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತವೆ.” ಹೀಗೆ ಬರೆಯುವ ಹಕ್ಕನ್ನು ನಾವು ಸಂಪಾದಿಸಿದ್ದೇವೆಯೆ?

ಮೊದಲು ಬಣ್ಣದ ವಿಚಾರ. ಬೆಳ್ಳಿಯ ನಾಣ್ಯವು ಬೆಳ್ಳಗೆ ಹೊಳೆಯುವಾಗ ಅದೇ ಬೆಳ್ಳಿಯ ಕಲಿಲವು ಹಳದಿಯಾಗಿರುವುದೇಕೆ? ಮೀಟರಿನ ನೂರು ಕೋಟಿಯಲ್ಲೊಂದು ಭಾಗವೇ ನ್ಯಾನೋಮೀಟರು. ಹತ್ತಿಪ್ಪತ್ತು ನ್ಯಾನೋಮೀಟರು ಗಾತ್ರದ ಕಣದೊಳಗಿನ ಎಲೆಕ್ಟ್ರಾನುಗಳು ಬೆಳಕಿನ ಅಲೆಗೆ ಒಟ್ಟಾಗಿ ತೂಗಾಡಿ, ಸುಮಾರು 400 ನ್ಯಾನೋಮೀಟರು ತರಂಗಾಂತರದ ನೇರಿಳೆ ಬೆಳಕನ್ನು ಬಲವಾಗಿ ಹೀರುತ್ತವೆ. ಉಳಿದ ಬೆಳಕು ಹಳದಿಯಾಗಿ ತೋರುತ್ತದೆ. ಚಿನ್ನದ ಕೆಂಪು ಕಲಿಲವನ್ನು ಫ್ಯಾರಡೆ 1857ರಲ್ಲಿಯೇ ಪರಿಶೀಲಿಸಿದ್ದನು. 1908ರಲ್ಲಿ ಗುಸ್ಟಾವ್ ಮೀ ಇಂಥ ಬಣ್ಣಗಳಿಗೆ ಗಣಿತದ ವಿವರಣೆಯನ್ನಿತ್ತನು.

ಎಲೆಯ ಪಾತ್ರ ಎರಡು ಬಗೆಯದು. ಅದರ ಕೆಲವು ಅಣುಗಳು ಬೆಳ್ಳಿಯ ಅಯಾನುಗಳಿಗೆ ಎಲೆಕ್ಟ್ರಾನುಗಳನ್ನಿತ್ತು ಅವನ್ನು ಲೋಹವಾಗಿಸುತ್ತವೆ. ಕೆಲವು, ಕಣಗಳ ಮೈಗಂಟಿ ಅವು ಮುದ್ದೆಗಟ್ಟದಂತೆ ಕಾಯುತ್ತವೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಸಂಶೋಧಕರು ಬೇವಿನೆಲೆಯ ಈ ಸಾಮರ್ಥ್ಯವನ್ನು 2004ರಲ್ಲಿ ಪ್ರಕಟಿಸಿದರು. ತೀಕ್ಷ್ಣ ರಾಸಾಯನಿಕಗಳನ್ನು ಬಳಸದೆ ಕಣಗಳನ್ನು ಪಡೆಯುವ ಈ ಮಾರ್ಗದ ಹಿರಿಮೆಯನ್ನು ನಾನು ಅಲ್ಲಗಳೆಯಲಾರೆ.

ಆದರೆ ಕೊಲ್ಲುವುದು ಯಾವುದು? ಕಳೆದ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು ಅಗಾರ್ ತಟ್ಟೆಯೊಂದನ್ನು ಹೆಮ್ಮೆಯಿಂದ ತಂದು ತೋರಿಸಿದಳು. ಕಂದು ದ್ರಾವಣವನ್ನಿಟ್ಟ ಕಡೆ ಬ್ಯಾಕ್ಟೀರಿಯಗಳು ಬೆಳೆಯದೆ ತಿಳಿಯಾದ ಉಂಗುರವೊಂದು ಮೂಡಿತ್ತು. “ಬರಿಯ ಎಲೆರಸದ ತಟ್ಟೆಯೆಲ್ಲಮ್ಮ? ಬರಿಯ ಬೆಳ್ಳಿಯ ನೈಟ್ರೇಟಿನದೆಲ್ಲಿ?” ಎಂದೆ. “ಅವನ್ನು ಮಾಡಲಿಲ್ಲ, ಸಾರ್,” ಎಂದಳು. ಮರುವಾರ ಮಾಡಿದಳು. ಎಲೆರಸದಿಂದ ಏನೂ ಆಗಲಿಲ್ಲ. ಅಷ್ಟೇ ಬೆಳ್ಳಿಯಿದ್ದ ನೈಟ್ರೇಟು ಅಷ್ಟೇ ಅಗಲದ ಉಂಗುರವನ್ನು ಮೂಡಿಸಿತು. ಅವಳ ಮುಖ ಬಾಡಿತು. ನಿಜಕ್ಕೂ ಅವಳ ಪ್ರಯೋಗ ಆರಂಭವಾದುದು ಆ ದಿನವೇ.

ಏಕೆಂದರೆ, ಕಣವಾಗದೆ ದ್ರಾವಣದಲ್ಲುಳಿದ ಅಯಾನುಗಳೂ ಬ್ಯಾಕ್ಟೀರಿಯಗಳನ್ನು ಕೊಲ್ಲಬಲ್ಲವು. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಸಂಶೋಧಕರು ಆಮ್ಲಜನಕವಿಲ್ಲದ ವಾತಾವರಣದಲ್ಲಿ, ಅಂದರೆ ಬೆಳ್ಳಿಯು ಉತ್ಕರ್ಷಣಗೊಂಡು ಅಯಾನುಗಳನ್ನು ಬಿಡಲಾಗದ ಸ್ಥಿತಿಯಲ್ಲಿ, ಕಣಗಳನ್ನು ಪರೀಕ್ಷಿಸಿದರು. ಕಣಗಳಿಗೆ ಸ್ವಂತ ಮಾರಕಶಕ್ತಿಯು ನಗಣ್ಯವೆಂದು 2012ರಲ್ಲಿ ವರದಿಮಾಡಿದರು. ಹಾಗಾದರೆ ಕಣವು ಅಯಾನುಗಳ ಉಗ್ರಾಣವೆನ್ನಬಹುದು. ಒಂದು ಸೆಂಟಿಮೀಟರಿನ ಬೆಳ್ಳಿಯ ಘನವನ್ನು ಹತ್ತು ನ್ಯಾನೋಮೀಟರಿನ ಘನಗಳಾಗಿ ಕತ್ತರಿಸಿದರೆ ಮೇಲ್ಮೈಯು 6 ಚದರ ಸೆಂಟಿಮೀಟರಿನಿಂದ 600 ಚದರ ಮೀಟರಿಗೆ ಏರುತ್ತದೆ. ಉಗ್ರಾಣಕ್ಕೆ ಅಷ್ಟು ಬಾಗಿಲುಗಳು!

ಇದು ಕೇವಲ ಪಾಂಡಿತ್ಯದ ಚರ್ಚೆಯಲ್ಲ. ಅಮೆರಿಕದ ಆಸ್ಪತ್ರೆಯೊಂದರ ಸುಟ್ಟಗಾಯದ ವಿಭಾಗದಲ್ಲಿ ಬೆಳ್ಳಿಯ ನೈಟ್ರೇಟಿಗೆ ಜಗ್ಗದ ಸಾಲ್ಮೊನೆಲ್ಲ ಬ್ಯಾಕ್ಟೀರಿಯವು ಕಾಣಿಸಿಕೊಂಡ ಸಂಗತಿಯು 1975ರಲ್ಲಿಯೇ ವರದಿಯಾಗಿದೆ. ಬೆಳ್ಳಿಯನ್ನು ಎಲ್ಲೆಂದರಲ್ಲಿ ಬಳಸುತ್ತ ಹೋದರೆ, ನಿಜವಾಗಿ ಬೇಕಾದ ಗಾಯಕ್ಕೆ ಅದು ಒದಗದೆ ಹೋದೀತು. ಬೆಳ್ಳಿಯ ಅಯಾನುಗಳು ಮೀನುಗಳಿಗೂ ವಿಷವೇ. ಎಲೆಯಿಂದ ಮಾಡಿದ ಮಾತ್ರಕ್ಕೆ ಬೆಳ್ಳಿಯು ಸೊಪ್ಪಾಗುವುದಿಲ್ಲ. ಉಳಿದ ದ್ರಾವಣವನ್ನು ತೊಟ್ಟಿಗೆ ಸುರಿಯುವ ಪ್ರಯೋಗಕ್ಕೆ “ಹಸಿರು” ಎಂಬ ಬಿರುದು ಒಪ್ಪದು.

ಆದುದರಿಂದ ಅಧ್ಯಾಪಕರಲ್ಲಿ ನನ್ನ ಅರಿಕೆ: ಹೊಸ ಎಲೆಗಿಂತ ಮಿಗಿಲಾಗಿ ಹೋಲಿಕೆಯ ತಟ್ಟೆಗಳಿಗೆ ಅಂಕಗಳನ್ನು ಕೊಡಿರಿ. ವಿದ್ಯಾರ್ಥಿಮಿತ್ರರೇ, ಬಣ್ಣ ಬದಲಾದಾಗ ಅವಶ್ಯವಾಗಿ ಹಿಗ್ಗಿರಿ; ಆದರೆ ಆ ಮೂರು ತಟ್ಟೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವವರೆಗೆ ಕೊನೆಯ ವಾಕ್ಯವನ್ನು ಬರೆಯಬೇಡಿರಿ.