ನೆಲದೊಳಗಿನ ಋಣಭಾರ

ನಿವೇಶನವೊಂದನ್ನು ಕೊಳ್ಳಹೊರಟವನು ಮೂವತ್ತು ವರ್ಷಗಳ ಕ್ರಯಪತ್ರಗಳನ್ನು ವಕೀಲನಿಂದ ಓದಿಸಿ, ಉಪನೋಂದಣಾಧಿಕಾರಿಯ ಕಚೇರಿಯಿಂದ ಋಣಭಾರ ಪ್ರಮಾಣಪತ್ರವನ್ನು ತರಿಸಿಕೊಂಡು, ಆ ನೆಲದ ಮೇಲೆ ಯಾರ ಸಾಲವೂ ಅಡಮಾನವೂ ಇಲ್ಲವೆಂದು ಮನಗಂಡ ಬಳಿಕವೇ ಮುಂಗಡ ಕೊಡುತ್ತಾನೆ. ಈ ಎಚ್ಚರವು ಶ್ಲಾಘ್ಯವಾದುದೇ. ಆದರೆ ಅದೇ ಮೂವತ್ತು ವರ್ಷಗಳಲ್ಲಿ ಆ ನೆಲದೊಳಕ್ಕೆ ಏನೇನು ಇಳಿದಿದೆಯೆಂಬುದನ್ನು ಕೊಳ್ಳುವವನು ಕೇಳುವುದಿಲ್ಲ, ಮಾರುವವನು ಹೇಳುವುದಿಲ್ಲ, ನೋಂದಣಿಯ ಕಟ್ಟಳೆಯೂ ಅದನ್ನು ಅಪೇಕ್ಷಿಸುವುದಿಲ್ಲ.

ಕಾರ್ಖಾನೆಯು ಹೊಗೆಯುಗುಳಿ ತನ್ನ ಇರವನ್ನು ತಾನೇ ಸಾರುತ್ತದೆ. ಬಸ್ಸು, ಲಾರಿ, ರಸ್ತೆಕೆಲಸದ ಯಂತ್ರಗಳನ್ನು ದುರಸ್ತಿಮಾಡುವ, ಹಳೆಯ ಸಾಮಾನುಗಳನ್ನು ಕೂಡಿಡುವ ಅಂಗಳಗಳು ಹಾಗಲ್ಲ. ದಿನಕ್ಕೆ ಒಂದೆರಡು ಹನಿಯಂತೆ ತೊಟ್ಟಿಕ್ಕುವ ಎಂಜಿನ್ ಎಣ್ಣೆ, ಒಡೆದ ಬ್ಯಾಟರಿಯ ಸೀಸ ಮತ್ತು ಆಸಿಡ್, ಬಿಡಿಭಾಗಗಳ ಜಿಡ್ಡು ತೊಳೆದ ದ್ರಾವಕ, ಮೂಲೆಯಲ್ಲಿ ಬಿದ್ದಿರುವ ಟ್ರಾನ್ಸ್‌ಫಾರ್ಮರಿನ ಎಣ್ಣೆ, ಹೂತಿಟ್ಟು ಮರೆತ ಡೀಸೆಲ್ ಟ್ಯಾಂಕಿನ ತುಕ್ಕುಹಿಡಿದ ಬೆಸುಗೆ, ಇವುಗಳಲ್ಲಿ ಯಾವುದೂ ಒಂದು ದಿನದ ಅನಾಹುತವಲ್ಲವಾದ ಕಾರಣ ಯಾರ ಕಣ್ಣಿಗೂ ಬೀಳದೆ ದಶಕಗಳುದ್ದಕ್ಕೂ ಮಣ್ಣಿನಲ್ಲಿ ಸಂಚಯಗೊಳ್ಳುತ್ತ ಹೋಗುತ್ತದೆ.

ಇಂತಹ ನೆಲವನ್ನು ಪರೀಕ್ಷಿಸುವ ಕ್ರಮವೊಂದುಂಟು. ಅದರ ಮೊದಲ ಹಂತದಲ್ಲಿ ಹಾರೆ ಗುದ್ದಲಿಗಳ ಪ್ರವೇಶವೇ ಇಲ್ಲ. ಹಳೆಯ ನಕ್ಷೆಗಳನ್ನೂ ಪರವಾನಗಿಯ ಕಡತಗಳನ್ನೂ ಪರಿಶೀಲಿಸಿ, ಅಂಗಳವನ್ನು ಮೂಲೆಮೂಲೆಯೂ ಬಿಡದೆ ನಡೆದು ನೋಡಿ, ನೆರೆಹೊರೆಯವರನ್ನೂ ಅಲ್ಲಿ ದುಡಿದವರನ್ನೂ ವಿಚಾರಿಸುವುದಷ್ಟೇ ಅಲ್ಲಿನ ಕೆಲಸ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣವು ಧರ್ಮಾಂಬುಧಿ ಕೆರೆಯ ಪಾತ್ರದಲ್ಲಿ ನಿಂತಿದೆಯೆಂಬುದನ್ನು ಬಲ್ಲವರಿಗೆ, ಹಳೆಯ ನಕ್ಷೆಯನ್ನು ಬಿಡಿಸಿ ನೋಡದೆ ಇಂದಿನ ನೆಲವನ್ನು ಅರಿಯಲಾಗದೆಂದು ಬೇರೆ ವಿವರಿಸಬೇಕಾಗಿಲ್ಲ. ಸಂಶಯಕ್ಕೆ ಆಧಾರ ಕಂಡರೆ ಮಾತ್ರ ಎರಡನೆಯ ಹಂತ: ಬೇರೆಬೇರೆ ಆಳಗಳಿಂದ ಮಣ್ಣನ್ನೆತ್ತಿ, ವೀಕ್ಷಣೆಯ ಬಾವಿಗಳನ್ನು ಕೊರೆದು ನೀರನ್ನು ತೆಗೆದು, ಪ್ರಯೋಗಾಲಯಕ್ಕೆ ಕಳುಹಿಸುವುದು. ಪೆಟ್ರೋಲು ಡೀಸೆಲುಗಳು ಹಗುರಾದುದರಿಂದ ಅಂತರ್ಜಲದ ಮೇಲೆ ತೇಲುತ್ತವೆ. ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್ ನೀರಿಗಿಂತ ಭಾರವಾದುದರಿಂದ ಅದನ್ನು ಭೇದಿಸಿಕೊಂಡು ತಳಕ್ಕಿಳಿಯುತ್ತದೆ. ಗಟ್ಟಿಶಿಲೆಯ ಬಿರುಕುಗಳಲ್ಲಿ ನೀರು ಹರಿಯುವ ನಮ್ಮ ಬಯಲುಸೀಮೆಯಲ್ಲಂತೂ, ಇಲ್ಲಿ ಇಳಿದ ವಿಷವು ಯಾವ ಬಿರುಕನ್ನು ಹಿಡಿದು ಯಾರ ಕೊಳವೆಬಾವಿಯಲ್ಲಿ ತಲೆಯೆತ್ತೀತೆಂದು ಊಹೆಯಿಂದ ಹೇಳುವುದು ಅಸಾಧ್ಯ.

ಈ ಪದ್ಧತಿಯು ಅಮೆರಿಕದಲ್ಲಿ ಬೇರೂರಿದ್ದು ದೊಡ್ಡ ದುಃಖವೊಂದರ ಫಲವಾಗಿ. ನಯಾಗರ ಫಾಲ್ಸ್ ನಗರದ ಲವ್ ಕೆನಾಲ್ ಎಂಬ ಕಾಲುವೆಯಲ್ಲಿ ರಾಸಾಯನಿಕ ಕಸವನ್ನು ಹೂಳಿದ ಹೂಕರ್ ಕಂಪನಿಯು 1953ರಲ್ಲಿ ಆ ಜಾಗವನ್ನು ಶಾಲಾ ಮಂಡಳಿಗೆ ಒಂದು ಡಾಲರಿಗೆ ಬರೆದುಕೊಟ್ಟಿತು. ಕಸವನ್ನು ಹೂತ ಸಂಗತಿಯು ಕ್ರಯಪತ್ರದಲ್ಲಿಯೇ ಇದ್ದಿತು. ಆದರೂ ಅಲ್ಲಿ ಶಾಲೆ ಎದ್ದಿತು, ಸುತ್ತ ಮನೆಗಳೆದ್ದವು. 1978ರಲ್ಲಿ ತುರ್ತುಪರಿಸ್ಥಿತಿಯನ್ನು ಘೋಷಿಸಿ ಕುಟುಂಬಗಳನ್ನು ತೆರವುಗೊಳಿಸಬೇಕಾಯಿತು. 1980ರಲ್ಲಿ ಬಂದ ಕಾಯಿದೆಯು ಶುದ್ಧೀಕರಣದ ಹೊಣೆಯನ್ನು ನೆಲದ ಹೊಸ ಒಡೆಯನ ಮೇಲೆಯೂ ಹೊರಿಸಿದುದರಿಂದ, ಕೊಳ್ಳುವ ಮೊದಲು ಮಣ್ಣಿನ ಚರಿತ್ರೆಯನ್ನು ವಿಚಾರಿಸುವುದು ಅಲ್ಲಿ ವ್ಯವಹಾರದ ರೂಢಿಯೇ ಆಯಿತು.

ನಮ್ಮಲ್ಲಿ ಮಲಿನಗೊಳಿಸಿದವನೇ ತೆರಬೇಕೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು ರಾಜಸ್ಥಾನದ ಬಿಛ್ಡಿ ಗ್ರಾಮದ ಪ್ರಕರಣದಲ್ಲಿ 1996ರಲ್ಲಿಯೇ ಸ್ಥಾಪಿಸಿತು. ಮಲಿನ ಸ್ಥಳಗಳ ನಿರ್ವಹಣೆಗೆಂದೇ ನಿಯಮಗಳು ಹೊರಬರಲು 2025ರ ಜುಲೈವರೆಗೆ ಕಾಯಬೇಕಾಯಿತು. ಆ ಹೊತ್ತಿಗೆ ದೇಶದಲ್ಲಿ ಗುರುತಿಸಲ್ಪಟ್ಟಿದ್ದ ಮಲಿನ ಸ್ಥಳಗಳು 103. ಶುದ್ಧೀಕರಣ ಆರಂಭವಾಗಿದ್ದುದು ಏಳರಲ್ಲಿ ಮಾತ್ರ. ಶಂಕಿತ ಸ್ಥಳಗಳ ಪಟ್ಟಿಯನ್ನು ಜಿಲ್ಲಾಡಳಿತವು ಸಲ್ಲಿಸಬೇಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು 90 ದಿನಗಳಲ್ಲಿ ಪ್ರಾಥಮಿಕ ಪರೀಕ್ಷೆಯನ್ನು ಮುಗಿಸಬೇಕು ಎಂಬ ವಿಧಿಗಳು ಸ್ವಾಗತಾರ್ಹವೇ ಸರಿ. ಆದರೆ ಈ ಯಂತ್ರವು ಚಲಿಸುವುದು ಸಂಶಯ ಹುಟ್ಟಿದ ಮೇಲೆ. ಡಿಪೊದಂತಹ ಅಂಗಳದ ವಿಷಯದಲ್ಲಿ ಸಂಶಯವೇ ಹುಟ್ಟುವುದಿಲ್ಲವೆಂಬುದು ನಮ್ಮ ಕಷ್ಟ.

ಆದುದರಿಂದ ಸರ್ಕಾರಿ ಸಂಸ್ಥೆಗಳು ತಮ್ಮ ಡಿಪೊ, ವರ್ಕ್‌ಶಾಪು, ಉಗ್ರಾಣದಂಗಳಗಳನ್ನು ಮನೆಗಳಿಗಾಗಲಿ ವಾಣಿಜ್ಯ ಕಟ್ಟಡಗಳಿಗಾಗಲಿ ಬಿಟ್ಟುಕೊಡುವ ಮೊದಲು ಈ ಪರೀಕ್ಷೆಯನ್ನು ಕಡ್ಡಾಯವಾಗಿ ನಡೆಸಿ, ವರದಿಯನ್ನು ನೆಲದ ದಾಖಲೆಗೆ ಲಗತ್ತಿಸಿ, ಸಾರ್ವಜನಿಕರ ಮುಂದಿಡತಕ್ಕದ್ದು. ಖರ್ಚು ಬಹಳವಾದೀತೆಂಬ ಆಕ್ಷೇಪಣೆಗೆ ಹುರುಳಿಲ್ಲ: ಮೊದಲ ಹಂತಕ್ಕೆ ಬೇಕಾದುದು ಕಡತಗಳನ್ನು ಓದುವ ವ್ಯವಧಾನ, ಅಂಗಳದಲ್ಲಿ ನಡೆಯುವ ಕಾಲು, ಕೇಳಿಸಿಕೊಳ್ಳುವ ಕಿವಿ. ಆ ಖರ್ಚನ್ನು ಇಂದು ಉಳಿಸಿದರೆ, ಮುಂದೆ ಅಲ್ಲಿ ಮನೆಕಟ್ಟಿ ಕೊಳವೆಬಾವಿ ಕೊರೆಸುವ ಅಮಾಯಕನು ಅದನ್ನು ತನ್ನ ಮಕ್ಕಳ ಆರೋಗ್ಯದಿಂದ ತೆರಬೇಕಾದೀತು.

ನಿಮ್ಮ ಊರಿನ ಹಳೆಯ ಡಿಪೊವೊಂದು ಹರಾಜಿಗೆ ಬರಲಿರುವುದಾದರೆ, ಅದರ ಹೊಣೆ ಹೊತ್ತ ಅಧಿಕಾರಿಗಳು ಅಲ್ಲಿ ದುಡಿದು ನಿವೃತ್ತನಾದ ಮೆಕ್ಯಾನಿಕ್ಕನನ್ನು ಇಂದೇ ಹುಡುಕಿ ಕರೆತರಲಿ. ಬಳಸಿದ ಎಣ್ಣೆಯನ್ನು ಎಲ್ಲಿ ಸುರಿಯುತ್ತಿದ್ದರು, ಹಳೆಯ ಟ್ಯಾಂಕು ಎಲ್ಲಿ ಹೂತಿದೆ ಎಂಬುದು ಯಾವ ಕಡತದಲ್ಲಿಯೂ ಇಲ್ಲದಿರಬಹುದು, ಅವನು ಬಲ್ಲ. ಅವನಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಲಿ.