ಕುಂಭದ್ರೋಣವೂ ಮೇಘಸ್ಫೋಟವೂ

2005ರ ಜುಲೈ 26ರ ಮಧ್ಯಾಹ್ನ ನಾನು ದಕ್ಷಿಣ ಮುಂಬಯಿಯ ಕಚೇರಿಯಲ್ಲಿ ಕುಳಿತು ಕಡತ ನೋಡುತ್ತಿದ್ದೆ. ಹೊರಗೆ ಮಳೆಯಿತ್ತು; ಜುಲೈ ತಿಂಗಳಿನ ಮುಂಬಯಿಯಲ್ಲಿ ಇರಬೇಕಾದಷ್ಟೇ ಇತ್ತು. ಲೋಕಲ್ ರೈಲು ನಿಂತಿದೆಯೆಂದು ಯಾರೋ ಬಂದು ಹೇಳಿದಾಗ, ಇದೇನು ಹೊಸ ಸುದ್ದಿಯೇ ಎಂದು ನಕ್ಕವರಲ್ಲಿ ನಾನೂ ಒಬ್ಬ. ಅಂದು ಕೊಲಾಬಾದ ಮಳೆಮಾಪಕದಲ್ಲಿ 24 ಗಂಟೆಗಳಲ್ಲಿ ದಾಖಲಾದುದು 73 ಮಿಲಿಮೀಟರ್. ಅಲ್ಲಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಉತ್ತರಕ್ಕಿರುವ ಸಾಂತಾಕ್ರೂಜಿನಲ್ಲಿ ಅದೇ 24 ಗಂಟೆಗಳಲ್ಲಿ ಸುರಿದುದು 944. ಕುರ್ಲಾ ಕಡೆಯಿಂದ ಬರುತ್ತಿದ್ದ ನನ್ನ ಸಹೋದ್ಯೋಗಿಯೊಬ್ಬರು ಸಂಜೆ ಐದಕ್ಕೆ ಕಚೇರಿಯಿಂದ ಹೊರಟು, ಎದೆಮಟ್ಟದ ನೀರಿನಲ್ಲಿ ನಡೆದು, ಮರುದಿನ ಮಧ್ಯಾಹ್ನ ಮನೆ ಮುಟ್ಟಿದರು. ನೆಲಮಹಡಿಯಲ್ಲಿದ್ದ ಅವರ ವೃದ್ಧ ತಾಯಿಯನ್ನು ನೆರೆಯವರು ಅಷ್ಟರಲ್ಲಿ ಮೇಲಕ್ಕೆ ಹೊತ್ತೊಯ್ದಿದ್ದರು. ಆ ಕೆಲವೇ ದಿನಗಳಲ್ಲಿ ಮಹಾರಾಷ್ಟ್ರದಲ್ಲಿ ಮಡಿದವರು ಸಾವಿರಕ್ಕೂ ಮಿಕ್ಕಿ.

ನೀರು ಇಳಿಯುವ ಮೊದಲೇ ನಮಗೆಲ್ಲ ಒಂದು ಪದ ಸಿಕ್ಕಿತು: ಮೇಘಸ್ಫೋಟ. ಅಂದಿನಿಂದ ಈ ಪದದೊಡನೆ ನನ್ನ ಜಗಳ ನಡೆದೇ ಇದೆ.

ಇಂಗ್ಲಿಷಿನ ‘ಕ್ಲೌಡ್‌ಬರ್ಸ್ಟ್’ ಎಂಬುದೇ ಜರ್ಮನ್ ಪದವೊಂದರ ಭಾಷಾಂತರವೆಂದು ನಿಘಂಟುಗಳು ಹೇಳುತ್ತವೆ. ನಾವು ಭಾಷಾಂತರವನ್ನು ಮತ್ತೆ ಭಾಷಾಂತರಿಸಿದೆವು. ಹಾಗೆ ಮಾಡುವಾಗ ‘ಒಡೆಯುವುದು’ ಹೋಗಿ ‘ಸ್ಫೋಟ’ ಬಂತು. ಒಡೆಯುವುದಾದರೂ ಮಡಕೆಯ ಗುಣ, ಸ್ಫೋಟವೆಂದರೆ ಮದ್ದುಗುಂಡಿನ ಗುಣ. ಮೋಡವೆಂಬ ಚೀಲದಲ್ಲಿ ನೀರು ತುಂಬಿರುತ್ತದೆ, ಯಾವುದೋ ದುರ್ಮುಹೂರ್ತದಲ್ಲಿ ಅದು ಸಿಡಿಯುತ್ತದೆ ಎಂಬ ಚಿತ್ರ ಈ ಪದದೊಳಗೆ ಅಡಗಿದೆ. ಆ ಚಿತ್ರ ತಪ್ಪು. ಒಂದು ಘನ ಮೀಟರ್ ಮೋಡದಲ್ಲಿ ದ್ರವರೂಪದ ನೀರು ಇರುವುದು ಒಂದೆರಡು ಗ್ರಾಂ, ಹೆಚ್ಚೆಂದರೆ ಕೆಲವು ಗ್ರಾಂ ಮಾತ್ರ. ಮುಂಗಾರಿನ ದಿನ ಮುಂಬಯಿಯ ನೆತ್ತಿಯ ಮೇಲಿರುವ ಗಾಳಿಯ ಇಡೀ ಸ್ತಂಭವನ್ನು, ನೆಲದಿಂದ ಆಕಾಶದ ತುದಿಯವರೆಗೆ, ಒದ್ದೆ ಬಟ್ಟೆಯಂತೆ ಹಿಂಡಿದರೂ ಸಿಗುವುದು 60ರಿಂದ 70 ಮಿಲಿಮೀಟರ್ ನೀರು. ಹಾಗಿದ್ದಮೇಲೆ ಸಾಂತಾಕ್ರೂಜಿನ 944 ಎಲ್ಲಿಂದ ಬಂತು? ಅದು ಅಲ್ಲಿದ್ದ ನೀರಲ್ಲ. ಅರಬ್ಬಿ ಸಮುದ್ರದಿಂದ ಗಂಟೆಗಟ್ಟಲೆ ಹರಿದು ಬಂದ ನೀರು.

ಕೆಲಸ ನಡೆಯುವ ಬಗೆ ಹೀಗೆ. ತೇವ ಹೊತ್ತ ಪಡುವಣ ಗಾಳಿ ಮೇಲೇರುತ್ತದೆ, ತಂಪಾಗುತ್ತದೆ, ಆವಿ ಹನಿಯಾಗುತ್ತದೆ. ಹನಿಯಾಗುವಾಗ ಒಂದೊಂದು ಗ್ರಾಂ ಆವಿಯೂ ಸುಮಾರು 600 ಕ್ಯಾಲೊರಿ ಶಾಖವನ್ನು ಬಿಟ್ಟುಕೊಡುತ್ತದೆ. ಆ ಶಾಖ ಸುತ್ತಲ ಗಾಳಿಯನ್ನು ಹಗುರಾಗಿಸಿ ಇನ್ನಷ್ಟು ಮೇಲೆ ನೂಕುತ್ತದೆ. ತೆರವಾದ ಜಾಗಕ್ಕೆ ಕೆಳಗಿನಿಂದ ಮತ್ತಷ್ಟು ತೇವದ ಗಾಳಿ ನುಗ್ಗುತ್ತದೆ. ಸಾಮಾನ್ಯವಾಗಿ ಗುಡುಗುಮೋಡವೊಂದು ಅರ್ಧ ಗಂಟೆ, ಒಂದು ಗಂಟೆಯಲ್ಲಿ ತನ್ನ ಮಳೆಯಿಂದಲೇ ತಾನು ಸಾಯುತ್ತದೆ. ಹನಿಗಳು ಎಳೆದು ತರುವ ತಣ್ಣನೆಯ ಕೆಳಗಾಳಿ ಮೇಲೇಳುವ ಬಿಸಿಗಾಳಿಯ ದಾರಿಯನ್ನು ಕಡಿದುಹಾಕುತ್ತದೆ. ಅಪಾಯವಿರುವುದು ಹಾಗೆ ಸಾಯುವ ಮೋಡದ ಜಾಗದಲ್ಲೇ ಇನ್ನೊಂದು, ಅದರ ಜಾಗದಲ್ಲಿ ಮತ್ತೊಂದು ಹುಟ್ಟುತ್ತ ಹೋದಾಗ. 26ರಂದು ಉಪನಗರಗಳ ಮೇಲೆ ಆದದ್ದು ಇದು. ಬಾಂಬಿಗಿಂತ ಇದಕ್ಕೆ ಹತ್ತಿರದ ಹೋಲಿಕೆ ಏತ ನೀರಾವರಿಯದು. ಕಡಲು ಬಾವಿ, ಗಾಳಿ ಏತ, ನಮ್ಮ ಬೀದಿ ಗದ್ದೆ.

ವಿಜ್ಞಾನಿಗಳು ಆ ಪದವನ್ನು ಬಳಸುವುದಿಲ್ಲವೆಂದಲ್ಲ. ಆದರೆ ಅವರು ಅದಕ್ಕೆ ಅಳತೆಯ ಲಗಾಮು ಹಾಕಿದ್ದಾರೆ. ಸುಮಾರು 20ರಿಂದ 30 ಚದರ ಕಿಲೋಮೀಟರ್ ಪ್ರದೇಶದಲ್ಲಿ ಒಂದು ಗಂಟೆಗೆ 100 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಸುರಿದರೆ ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಮೇಘಸ್ಫೋಟ. ಸಾಂತಾಕ್ರೂಜಿನಲ್ಲಿ ಅಂದು ಒಂದು ಗಂಟೆಯ ಮಳೆ 190 ಮಿಲಿಮೀಟರನ್ನು ಮುಟ್ಟಿತ್ತು. ಅಲ್ಲಿಗೆ ಪದ ಸಲ್ಲುತ್ತದೆ. ಆದರೆ 2022ರ ಜುಲೈ 8ರಂದು ಅಮರನಾಥ ಗುಹೆಯ ಬಳಿ ದಿಢೀರ್ ಪ್ರವಾಹ ಬಂದಾಗಲೂ ಎಲ್ಲರ ಬಾಯಲ್ಲಿ ಅದೇ ಪದ. ಗುಹೆಯ ಸಮೀಪದ ಮಾಪಕದಲ್ಲಿ ಎರಡು ಗಂಟೆಗೆ ಇದ್ದುದು 31 ಮಿಲಿಮೀಟರ್. 2021ರ ಫೆಬ್ರುವರಿ 7ರಂದು ಚಮೋಲಿಯಲ್ಲಿ ಬಂಡೆ ಮತ್ತು ಮಂಜಿನ ಬೃಹತ್ ಹಾಸು ಪರ್ವತದಿಂದ ಕಳಚಿ ಕಣಿವೆಗೆ ಬಿದ್ದಿತು. ಮಳೆಯ ಮಾತೇ ಅಲ್ಲಿರಲಿಲ್ಲ. ಅದನ್ನೂ ಮೊದಲ ದಿನ ನಾವು ‘ಹಿಮನದಿ ಸ್ಫೋಟ’ವೆಂದೆವು. ಏನಾದರೂ ಸಿಡಿಯದಿದ್ದರೆ ನಮಗೆ ಸಮಾಧಾನವಿಲ್ಲ.

ಇದು ಬರೀ ಪದದ ಚರ್ಚೆ, ಇಂಗ್ಲಿಷ್ ಎಂ.ಎ. ಮಾಡಿದವನ ಚಾಳಿ ಎಂದು ನೀವು ಅನ್ನಬಹುದು. ಸರ್ಕಾರಿ ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದವನಾಗಿ ಹೇಳುತ್ತೇನೆ: ಪದ ಕಡತವನ್ನು ಮುಚ್ಚಬಲ್ಲದು. ವಿಪತ್ತು ಪರಿಹಾರ ನಿಧಿಯಿಂದ ನೆರವು ಕೊಡಬಹುದಾದ ವಿಕೋಪಗಳ ಪಟ್ಟಿಯಲ್ಲಿ ಪ್ರವಾಹ, ಭೂಕುಸಿತಗಳ ಜೊತೆ ಮೇಘಸ್ಫೋಟಕ್ಕೂ ಪ್ರತ್ಯೇಕ ಸ್ಥಾನವಿದೆ. ಇರಲಿ, ಸಂತ್ರಸ್ತರಿಗೆ ಹಣ ಯಾವ ಹೆಸರಿನಲ್ಲಿ ಬಂದರೂ ಬರಲಿ. ನನ್ನ ತಕರಾರು ಆ ಹೆಸರು ಬರೆದಾದ ಮೇಲೆ ನಡೆಯುವುದರ ಬಗ್ಗೆ. ಪ್ರವಾಹ ಎಂದು ಬರೆದರೆ ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ: ನೀರು ಯಾಕೆ ಹರಿದು ಹೋಗಲಿಲ್ಲ? ಸ್ಫೋಟ ಎಂದು ಬರೆದರೆ ಪ್ರಶ್ನೆಯಿಲ್ಲ, ಸಂತಾಪವಷ್ಟೆ.

ಮುಂಬಯಿಯ ಹಳೆಯ ಮಳೆನೀರು ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಯನ್ನು, ಅದೂ ಕಡಲು ಇಳಿತದಲ್ಲಿರುವಾಗ, ಸಾಗಿಸುವ ಲೆಕ್ಕದಲ್ಲಿ ಕಟ್ಟಿದಂಥವು. ಅದನ್ನು 50ಕ್ಕೆ ಏರಿಸಬೇಕೆಂಬ ವರದಿ 1993ರಲ್ಲೇ ಸಿದ್ಧವಾಗಿತ್ತು. ಹನ್ನೆರಡು ವರ್ಷ ಕಳೆದರೂ ಕೆಲಸದ ಬಹುಭಾಗ ಕಾಗದದಲ್ಲೇ ಇತ್ತು. ಅಂದು ಮಧ್ಯಾಹ್ನ ಸಮುದ್ರದಲ್ಲಿ ನಾಲ್ಕೂವರೆ ಮೀಟರಿನ ಸಮೀಪದ ಉಬ್ಬರ. ವಿಹಾರ್ ಮತ್ತು ಪೊವಾಯಿ ಕೆರೆಗಳ ಕೋಡಿಯಿಂದ ಹೊರಟು ಮಾಹಿಮ್ ಅಳಿವೆಗೆ ಸೇರುವ ಮಿಠಿ ನದಿ ಹದಿನೆಂಟು ಕಿಲೋಮೀಟರ್ ಉದ್ದವೂ ಇಲ್ಲದ ಬಡಪಾಯಿ. ಅದರ ಮೇಲೆ ವಿಮಾನ ನಿಲ್ದಾಣದ ಓಡುದಾರಿ ಬಂತು, ಅಳಿವೆಯ ಕಾಂಡ್ಲಾ ಗಿಡಗಳ ಜೌಗಿನಲ್ಲಿ ವಾಣಿಜ್ಯ ಸಂಕೀರ್ಣ ಎದ್ದಿತು, ದಂಡೆಯಲ್ಲಿ ಬೇರೆಲ್ಲೂ ಜಾಗ ಸಿಗದವರ ಗುಡಿಸಲುಗಳು ನಿಂತವು. ಎಚ್ಚರಿಕೆ ಕೊಡಲು ಆಗ ಮುಂಬಯಿಯಲ್ಲಿ ಡಾಪ್ಲರ್ ರೇಡಾರ್ ಕೂಡ ಇರಲಿಲ್ಲ. ಇವುಗಳಲ್ಲಿ ಯಾವುದೂ ಆಕಾಶದಿಂದ ಬಿದ್ದುದಲ್ಲ.

ಈಗೀಗ ಇನ್ನೊಂದು ಪದವೂ ಇದೇ ಕೆಲಸಕ್ಕೆ ಬಂದಿದೆ: ಹವಾಮಾನ ಬದಲಾವಣೆ. ಅದು ಸುಳ್ಳಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ಆವಿ ಶೇಕಡಾ 7ರಷ್ಟು ಹೆಚ್ಚುತ್ತದೆ, ಜಡಿಮಳೆಗಳು ಇನ್ನಷ್ಟು ಜಡಿಯುತ್ತವೆ. ಆದರೆ ಶೇಕಡಾ 7, ಚರಂಡಿ ಅರ್ಧದಷ್ಟೇ ಇದ್ದುದಕ್ಕೆ ಸಮಜಾಯಿಷಿಯಾಗಲಾರದು.

ನಮ್ಮಲ್ಲಿ ಜಡಿಮಳೆಗೆ ಪದವಿರಲಿಲ್ಲವೇ? ಇತ್ತು, ಇದೆ: ಕುಂಭದ್ರೋಣ ಮಳೆ. ಕುಂಭ, ದ್ರೋಣ ಎರಡೂ ಹಳೆಯ ಅಳತೆಗಳ ಹೆಸರು. ಇಪ್ಪತ್ತು ದ್ರೋಣಕ್ಕೆ ಒಂದು ಕುಂಭ ಎಂಬ ಕೋಷ್ಟಕ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. (ಪಂಚಾಂಗದಲ್ಲಿ ದ್ರೋಣ ಒಂದು ಬಗೆಯ ಮೋಡವೂ ಹೌದು, ಪಂಡಿತರು ನನ್ನನ್ನು ಕ್ಷಮಿಸಲಿ.) ಉಗ್ರಾಣದ ಮುಂದೆ ಮೊಳದಗಲದ ಬಾಯಿಯುಳ್ಳ ಪಾತ್ರೆಯನ್ನಿಟ್ಟು ಮಳೆಯನ್ನು ಅಳೆಯಬೇಕೆಂದೂ, ಯಾವ ಸೀಮೆಗೆ ಎಷ್ಟು ದ್ರೋಣ ಮಳೆಯೆಂದೂ ಅದೇ ಗ್ರಂಥ ಹೇಳುತ್ತದೆ. ಅಜ್ಜಿಯರ ಬಾಯಲ್ಲಿದ್ದ ಪದದಲ್ಲಿ ಕೊಳಗ, ಸೇರುಗಳ ಮನೋಧರ್ಮವಿದೆ. ಎಷ್ಟು ಸುರಿಯಿತು ಎಂದು ಅದು ಕೇಳುತ್ತದೆ.

ಹಾಗೆ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಹೈದರಾಬಾದಿನಲ್ಲಿ ಸಾಕ್ಷಿಯಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಕೊಂಡೊಯ್ದಿತು. ಅಫ್ಜಲ್‌ಗಂಜಿನ ಹುಣಿಸೆಮರವೊಂದನ್ನು ಏರಿ ಸುಮಾರು 150 ಮಂದಿ ಬದುಕಿದರೆಂದು ಹೇಳುತ್ತಾರೆ. ಮರ ಇಂದಿಗೂ ಇದೆ. ದೈವಕೋಪವೆನ್ನಲು ಎಲ್ಲ ಅನುಕೂಲವೂ ಇತ್ತು. ಆದರೆ ನಿಜಾಮರ ಸರ್ಕಾರ ಮರುವರ್ಷ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರು ಮಾಡಿದ ಮೊದಲ ಕೆಲಸ ಎಣಿಕೆ: ಮಳೆಯ ದಾಖಲೆಗಳು, ನದಿಯ ಹರಿವು, ಜಲಾನಯನದ ಕೆರೆಗಳು. ಸುಮಾರು ಎಂಟುನೂರು ಕೆರೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಒಡೆದಿದ್ದವು. ನಗರಕ್ಕೆ ಬಡಿದುದು ಮಳೆಯ ನೀರಷ್ಟೇ ಅಲ್ಲ, ಸಾಲಾಗಿ ಒಡೆದ ಏರಿಗಳ ನೀರು ಕೂಡ. ಒಡೆದುದು ಮೋಡವಲ್ಲ, ಏರಿ. ಈ ಲೆಕ್ಕದಿಂದ ಹುಟ್ಟಿದುವೇ ನಗರದ ಮೇಲ್ಭಾಗದ ಎರಡು ಜಲಾಶಯಗಳು, ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ. 2020ರ ಅಕ್ಟೋಬರಿನಲ್ಲಿ ಹೈದರಾಬಾದು ಮತ್ತೆ ಮುಳುಗಿತಲ್ಲ ಎಂದರೆ, ಆಗ ಮಳೆ ಜಡಿದುದು ನಗರದ ಮೇಲೆಯೇ, ಜಲಾಶಯಗಳಿಗಿಂತ ಕೆಳಗೆ. ಪಲ್ಲೆ ಚೆರುವಿನಂಥ ಕೆರೆಗಳ ಏರಿ ಒಡೆದು ಮನೆಗಳಿಗೆ ನೀರು ನುಗ್ಗಿತು. ಹೊರನಾಡಿನ ನಮ್ಮ ಸಂಘಗಳಲ್ಲಿ ಸೆಪ್ಟೆಂಬರ್ 15ರಂದು ಸರ್ ಎಂ.ವಿ. ಅವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ, ಕನ್ನಂಬಾಡಿಯನ್ನು ನೆನೆಯುತ್ತೇವೆ. ಮೂಸಿಯ ಎಣಿಕೆಯನ್ನು ನೆನೆದ ಭಾಷಣವನ್ನು ನಾನಿನ್ನೂ ಕೇಳಿಲ್ಲ.

ನನ್ನ ವಾದಕ್ಕೆ ಒಂದು ಬಲವಾದ ಆಕ್ಷೇಪವಿದೆ, ಅದನ್ನು ಮರೆಮಾಚಲಾರೆ. 2010ರ ಆಗಸ್ಟಿನಲ್ಲಿ ಲೇಹ್ ಪಟ್ಟಣ ಕೆಸರಿನಲ್ಲಿ ಹೂತುಹೋದಾಗ ಅಲ್ಲಿನ ಹವಾಮಾನ ಕೇಂದ್ರದ ಮಾಪಕದಲ್ಲಿದ್ದುದು 12.8 ಮಿಲಿಮೀಟರ್. ಜಡಿಮಳೆ ಮಾಪಕಕ್ಕೆ ಸಿಗದೆ ಪಕ್ಕದ ಕಣಿವೆಯಲ್ಲಿ ಸುರಿದಿತ್ತು. ಅಂದರೆ, ಅಂಕಿ ಇಲ್ಲವೆಂದ ಮಾತ್ರಕ್ಕೆ ಮಳೆ ಬರಲಿಲ್ಲವೆನ್ನುವುದು ಬೆಟ್ಟದ ಜನರಿಗೆ ಮಾಡುವ ಅನ್ಯಾಯ. ಅವರು ತಮ್ಮ ಕಣ್ಣಾರೆ ಕಂಡುದಕ್ಕೆ ಮೇಘಸ್ಫೋಟವೆಂದರೆ ತಿದ್ದಲು ನಾನಾರು? ಆದರೆ ಬೆಟ್ಟಗಳಲ್ಲಿ ಮಾಪಕಗಳು ಏಕಿಲ್ಲ ಎಂದು ಕೇಳುವ ಹೊಣೆ ಬಯಲಿನಲ್ಲಿ ಕುಳಿತು ಆ ಪದವನ್ನು ಮುದ್ರಿಸುವವರದು. ಮುಂಬಯಿಯಲ್ಲಿ, ಚೆನ್ನೈಯಲ್ಲಿ, ಮಾಪಕಗಳಿರುವ ಊರುಗಳಲ್ಲಿ, ಆ ನೆಪವೂ ನಮಗಿಲ್ಲ.

ಕಳೆದ ವರ್ಷ ಮುಂಗಾರಿಗೆ ಮೊದಲು ನಮ್ಮ ಕಟ್ಟಡದ ತಾರಸಿಯ ಮೇಲೆ ಪ್ಲಾಸ್ಟಿಕ್ಕಿನ ಸಾದಾ ಮಳೆಮಾಪಕವೊಂದನ್ನು ನಿಲ್ಲಿಸಿದೆ. ಹವಾಮಾನ ಇಲಾಖೆಯ ಕ್ರಮದಂತೆ ಬೆಳಿಗ್ಗೆ ಎಂಟೂವರೆಗೆ ನೋಡಿ, ಬರೆದು, ಚೆಲ್ಲುವುದು. ಮೊದಲ ವಾರ ಎಲ್ಲರೂ ನಕ್ಕರು. ಎರಡನೆಯ ಮಹಡಿಯಲ್ಲಿರುವ ಉಡುಪಿ ಕಡೆಯ ಹಿರಿಯರೊಬ್ಬರು ಮಾತ್ರ ಈಗ ನಾನು ಕಚೇರಿಗೆ ಇಳಿಯುವ ಹೊತ್ತಿಗೆ ಬಾಗಿಲಲ್ಲಿ ಕಾದಿರುತ್ತಾರೆ. ಜುಲೈಯ ಒಂದು ಬೆಳಿಗ್ಗೆ 112 ಎಂದೆ. ‘‘ರಾತ್ರಿಯ ಗೌಜಿ ಕೇಳಿ ಇನ್ನೂರು ದಾಟಿತೆಂದುಕೊಂಡಿದ್ದೆ ಮಾರಾಯರೇ,’’ ಎಂದರು. ಆಮೇಲೆ ಸ್ವಲ್ಪ ಹೊತ್ತು ಗೇಟಿನ ಕಡೆ ನೋಡಿ, ‘‘112ಕ್ಕೇ ಕೆಳಗೆ ಮೊಣಕಾಲು ನೀರು ನಿಂತಿದೆಯಲ್ಲ, ಆ ಚರಂಡಿ ಯಾರ ಸುಪರ್ದಿಯದು?’’ ಎಂದು ಕೇಳಿದರು.