ಆನೆ ಅಗ್ಗ, ಮೇವು ದುಬಾರಿ

ಹೊಳೆನರಸೀಪುರದ ಒಂದು ಮನೆಯನ್ನು ಊಹಿಸಿಕೊಳ್ಳಿ. ಅರಕಲಗೂಡಿನಲ್ಲೋ ಚನ್ನರಾಯಪಟ್ಟಣದಲ್ಲೋ ಇದ್ದರೂ ಕಥೆ ಬದಲಾಗುವುದಿಲ್ಲ. ಅಪ್ಪನಿಗೆ ಹಾಸನದಲ್ಲಿ ಕಚೇರಿ ಕೆಲಸ. ಮಗಳು ಹಾಸನದಲ್ಲೇ ಎಂಜಿನಿಯರಿಂಗ್ ಮೊದಲ ವರ್ಷ. ಮಗ ಊರಿನಲ್ಲೇ ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ. ಮನೆ ಮುಂದಿನ ಚಿಕ್ಕ ಕಾರಿಗೆ ಹದಿನೈದು ತುಂಬುತ್ತಿದೆ. ಬಾಗಿಲ ಕೆಳಗೆಲ್ಲ ತುಕ್ಕು, ಎರಡನೇ ಗೇರು ಬೀಳುವಾಗ ಒಂದು ನರಳಾಟ. ಬದಲಿ ಕಾರು ಬೇಕು. ಬ್ಯಾಂಕಿನಲ್ಲಿ ಐದೂವರೆ ಲಕ್ಷವಿದೆ. ಮಗಳ ಮುಂದಿನ ವರ್ಷದ ಫೀಸೂ ಅದರಲ್ಲೇ ಸೇರಿದೆ ಎಂಬುದು ಅಮ್ಮನಿಗೆ ಗೊತ್ತು. ಅಪ್ಪನಿಗೆ ಆಗಾಗ ಮರೆಯುತ್ತದೆ.

ಅಷ್ಟರಲ್ಲಿ ಬೆಂಗಳೂರಿನಿಂದ ಭಾವಮೈದುನನ ಫೋನು. "ಭಾವ, ನಮ್ಮ ಆಫೀಸಿನಲ್ಲಿ ಒಬ್ಬರು ಗಾಡಿ ಮಾರ್ತಿದ್ದಾರೆ. ಹೊಸದರಲ್ಲಿ ಮೂವತ್ತು ಲಕ್ಷ. ಹದಿಮೂರು ವರ್ಷ ಆಗಿದೆ ಅಷ್ಟೆ. ನಾಲ್ಕಕ್ಕೆ ಕೊಡ್ತಾರಂತೆ!"

ಅಂದು ರಾತ್ರಿ ಅಪ್ಪನಿಗೆ ನಿದ್ದೆ ಇಲ್ಲ. ತೊಗಲಿನ ಸೀಟು, ಸದ್ದಿಲ್ಲದ ಎಂಜಿನ್ನು, ಕಚೇರಿಯ ಗೇಟಿನಲ್ಲಿ ಎದ್ದು ನಿಲ್ಲುವ ವಾಚ್‌ಮನ್. ಅವರನ್ನು ದೂರಿ ಫಲವಿಲ್ಲ. ಅಂಬಾಸಿಡರ್ ಮತ್ತು ಪದ್ಮಿನಿಗಳೇ ರಸ್ತೆ ತುಂಬ ಇದ್ದ ಕಾಲದಲ್ಲಿ, 1984ರಲ್ಲಿ ಬಂದ ಕಾಂಟೆಸ್ಸಾ ಎದುರಾದರೆ ಸೈಕಲ್ಲು ನಿಲ್ಲಿಸಿ ನೋಡಿದ ಹುಡುಗರೇ ಇಂದು ಅಪ್ಪಂದಿರಾಗಿದ್ದಾರೆ.

ಬೆಳಿಗ್ಗೆ ಮಗ ಸವಕಳಿಯ ಪಾಠ ತೆಗೆದ. ಉದ್ಯಮಕ್ಕೆ ಬಳಸುವ ಕಾರಿಗೆ ಆದಾಯ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಶೇ. 15ರಷ್ಟು ಸವಕಳಿ ಕಳೆಯುತ್ತಾರೆ, ಅದೂ ಪ್ರತಿ ವರ್ಷ ಉಳಿದ ಮೊತ್ತದ ಮೇಲೆ. ಮೂವತ್ತು ಲಕ್ಷವನ್ನು ಹೀಗೆ ಹದಿಮೂರು ಸಲ ಇಳಿಸಿದರೆ ಉಳಿಯುವುದು ಸುಮಾರು 3 ಲಕ್ಷ 63 ಸಾವಿರ. ಅಂದರೆ ನಾಲ್ಕು ಲಕ್ಷ ಎನ್ನುವುದು ಯಾರೋ ಮಾಡುತ್ತಿರುವ ದಾನವಲ್ಲ. ಪಠ್ಯಪುಸ್ತಕದ ಬೆಲೆಗಿಂತ ಒಂದು ಕೈ ಮೇಲೆಯೇ.

ಆದರೆ ಪಾಠದಲ್ಲಿ ಇಲ್ಲದ ಒಂದು ಸಂಗತಿ ಇದೆ. ಸವಕಳಿಯಾಗುವುದು ಕಾರಿನ ಬೆಲೆ ಮಾತ್ರ. ಕಾರಿನ ಖರ್ಚಿಗೆ ಸವಕಳಿ ಇಲ್ಲ. ಮುಂದಿನ ದೀಪ ಒಡೆದರೆ ಬರುವುದು ಮೂವತ್ತು ಲಕ್ಷದ ಕಾರಿನ ದೀಪದ ಬಿಲ್ಲು. ಆಟೋಮ್ಯಾಟಿಕ್ ಗೇರ್‌ಬಾಕ್ಸು, ಅದನ್ನು ಆಳುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಕೆಲವು ಕಾರುಗಳಲ್ಲಿ ಸ್ಪ್ರಿಂಗಿನ ಬದಲು ಇರುವ ಗಾಳಿ ತುಂಬಿದ ರಬ್ಬರು ಚೀಲ, ಇವೆಲ್ಲ ವಯಸ್ಸಾದಂತೆ ಕೈಕೊಡುವ ವಸ್ತುಗಳು. ಚಿಕ್ಕ ಕಾರಿನ ಬಿಡಿಭಾಗ ಹಾಸನದ ಬಿ.ಎಂ. ರಸ್ತೆಯಲ್ಲಿ ಸಂಜೆಯೊಳಗೆ ಸಿಕ್ಕೀತು. ಇದರದ್ದಕ್ಕೆ ಬೆಂಗಳೂರಿನ ದಾರಿ ನೋಡಬೇಕು; ಒಮ್ಮೊಮ್ಮೆ ಕಾರನ್ನೇ ಲಾರಿಯ ಬೆನ್ನಿಗೇರಿಸಿ ಕಳಿಸಬೇಕು.

ಪೆಟ್ರೋಲಿನ ಲೆಕ್ಕ ಇನ್ನೂ ಸರಳ. ಈ ಮೂರೂ ಊರುಗಳಿಂದ ಹಾಸನ ಸುಮಾರು 30ರಿಂದ 40 ಕಿ.ಮೀ. ಹೋಗಿ ಬರಲು ದಿನಕ್ಕೆ 65 ಎಂದಿಟ್ಟುಕೊಂಡರೆ, ತಿಂಗಳಿಗೆ 25 ದಿನಕ್ಕೆ 1,625 ಕಿ.ಮೀ. ಲೀಟರಿಗೆ 15 ಕಿ.ಮೀ. ಕೊಡುವ ಚಿಕ್ಕ ಕಾರು 108 ಲೀಟರ್ ಕುಡಿಯುತ್ತದೆ; 9 ಕೊಡುವ ದೊಡ್ಡದು 180 ದಾಟುತ್ತದೆ. ಲೀಟರಿಗೆ ನೂರು ರೂಪಾಯಿ ಎಂದೇ ಹಿಡಿದರೂ ತಿಂಗಳಿಗೆ ಏಳು ಸಾವಿರದ ಮೇಲೆ ವ್ಯತ್ಯಾಸ, ವರ್ಷಕ್ಕೆ ಎಂಬತ್ತಾರು ಸಾವಿರ ಚಿಲ್ಲರೆ. ಮಗ ಈ ಮೊತ್ತವನ್ನು ಓದಿದಾಗ ಮಗಳು ಪುಸ್ತಕದಿಂದ ತಲೆ ಎತ್ತಿದಳು, ಏನೂ ಹೇಳಲಿಲ್ಲ.

ಸರ್ಕಾರದ ಪಾಲೂ ಉಂಟು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 600 ರೂಪಾಯಿ ಇದ್ದ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು; 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000 ಮಾಡಿದರು. ಹದಿಮೂರರ ಕಾರಿಗೆ ಆ ಬಾಗಿಲು ಎರಡೇ ವರ್ಷ ದೂರ. ಹೊರರಾಜ್ಯದ ನೋಂದಣಿಯದಾದರೆ ಇನ್ನೊಂದು ಪೆಟ್ಟು. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ವಾಹನಗಳ ಮೇಲಿನ ನಿಷೇಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಅಲ್ಲಿನ ದೊಡ್ಡ ಕಾರುಗಳು ಅಗ್ಗವಾಗಿ ಬೇರೆ ರಾಜ್ಯಗಳಿಗೆ ಹರಿದವು. ಅಂಥ ಕಾರನ್ನು ಇಲ್ಲಿಗೆ ವರ್ಗಾಯಿಸಿಕೊಂಡರೆ ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ಅದನ್ನು ಲೆಕ್ಕ ಹಾಕುವುದು ಕಾರಿನ ಮೂಲ ಬೆಲೆ ಮತ್ತು ವಯಸ್ಸು ನೋಡಿ. ನೀವು ಎಷ್ಟಕ್ಕೆ ಕೊಂಡಿರಿ ಎಂದು ಕೇಳಿ ಅಲ್ಲ.

ವಿಮೆಯಲ್ಲೂ ಇದೇ ಮರ್ಮ. ಕಾರಿಗೆ ಐದು ವರ್ಷ ದಾಟಿದರೆ ಅದರ ಮೌಲ್ಯ ಕಂಪನಿಗೂ ಮಾಲೀಕನಿಗೂ ಒಪ್ಪಂದವಾದಷ್ಟು. ಅಪಘಾತದ ರಿಪೇರಿಗೆ ರಬ್ಬರು, ಪ್ಲಾಸ್ಟಿಕ್ಕು, ಏರ್‌ಬ್ಯಾಗುಗಳ ಬೆಲೆಯಲ್ಲಿ ಅರ್ಧ ಕಳೆಯುತ್ತಾರೆ. ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೂ ಅರ್ಧವೇ. ಉಳಿದರ್ಧ ಕೈಯಿಂದ.

ಹಾಗಾದರೆ ಹಳೆಯ ದೊಡ್ಡ ಕಾರು ಕೊಳ್ಳುವವರೆಲ್ಲ ಪೆದ್ದರೇ? ಅಲ್ಲ. ಅಪ್ಪನ ಪರವಾಗಿ ಒಂದು ಗಟ್ಟಿ ಮಾತಿದೆ. ನಮ್ಮಲ್ಲಿ ಹೊಸ ಕಾರುಗಳಿಗೆಲ್ಲ ಎ.ಬಿ.ಎಸ್. ಬ್ರೇಕು ಕಡ್ಡಾಯವಾದದ್ದು 2019ರಲ್ಲಿ. ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗು ಅದಕ್ಕೂ ಆಮೇಲೆ. ಹದಿಮೂರು ವರ್ಷದ ಹಿಂದಿನ ಚಿಕ್ಕ ಕಾರುಗಳು ಎಷ್ಟೋ ಇವೆರಡೂ ಇಲ್ಲದವು. ಅಂದಿನ ದೊಡ್ಡ ಕಾರಿನಲ್ಲಿ ಇವೆಲ್ಲ ಇರುತ್ತಿದ್ದವು. ಚನ್ನರಾಯಪಟ್ಟಣದ ಕಡೆಯ ಚತುಷ್ಪಥ ಹೆದ್ದಾರಿಯಲ್ಲಿ ರಾತ್ರಿ ಮಗಳನ್ನು ಕರೆತರುವ ತಂದೆಗೆ ಇದು ಶೋಕಿಯ ವಿಷಯವಲ್ಲ. ಆದರೆ ಆ ಕಾಲದ ಏರ್‌ಬ್ಯಾಗುಗಳಲ್ಲಿ ಕೆಲವು ಜಪಾನಿನ ಟಕಾಟಾ ಕಂಪನಿಯವು. ಗಾಳಿ ತುಂಬುವ ಸಾಧನದಲ್ಲಿ ದೋಷವಿದ್ದು ಪ್ರಪಂಚದಾದ್ಯಂತ ವಾಪಸು ಕರೆಸಿಕೊಂಡಂಥವು. ಷಾಸಿ ನಂಬರು ಕೊಟ್ಟು ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿದರೆ ಬದಲಾಗಿದೆಯೋ ಇಲ್ಲವೋ ತಿಳಿಯುತ್ತದೆ.

ಅಮ್ಮನ ತೀರ್ಪು ಹೀಗಿತ್ತು: "ರೀ, ದೊಡ್ಡ ಕಾರೇ ಬೇಕು ಅಂದ್ರೆ ಬೇಡ ಅನ್ನಲ್ಲ. ಆದ್ರೆ ಕಾರಿಗೆ ಮೂರು ಲಕ್ಷ. ರಿಪೇರಿಗೆ ಅಂತ ಒಂದು ಲಕ್ಷ ಬೇರೆ ಇಡಿ. ಉಳಿದದ್ದು ಮುಟ್ಟಬೇಡಿ." ಇದಕ್ಕಿಂತ ಒಳ್ಳೆಯ ಸೂತ್ರವನ್ನು ಯಾವ ವಾಹನ ಪತ್ರಿಕೆಯೂ ಕೊಡಲಾರದು. ಆ ಬೇರೆ ಲಕ್ಷ ಇಡಲಾಗದವರಿಗೆ ಚಿಕ್ಕ ಕಾರೇ ಲೇಸು. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದು ಹೊಸದೂ ಸ್ವಲ್ಪ ಹತ್ತಿರಕ್ಕೆ ಬಂದಿದೆ.

ಮೂರು ಲಕ್ಷ ಎಂದ ಮೇಲೆ ಭಾವಮೈದುನನ ಕಾರು ತಾನಾಗಿಯೇ ಹಿಂದೆ ಸರಿಯಿತು. ಚನ್ನರಾಯಪಟ್ಟಣದ ಒಬ್ಬ ತೆಂಗಿನಕಾಯಿ ವ್ಯಾಪಾರಿಯ ಬಳಿ ಹಳೆಯ ಕೊರೊಲಾ ಇದೆ ಎಂಬ ಸುದ್ದಿ ಬಂತು. 2003ರಿಂದ 2020ರವರೆಗೆ ಬಿಡದಿಯಲ್ಲೇ ತಯಾರಾಗುತ್ತಿದ್ದ ಕಾರು, ಪೆಟ್ರೋಲು, ಕೈಯಲ್ಲಿ ಹಾಕುವ ಗೇರು. ಆಡಂಬರ ಕಡಿಮೆ, ಕೆಡುವ ವಸ್ತುಗಳೂ ಕಡಿಮೆ.

ಭಾನುವಾರ ಮನೆಮಂದಿಯೆಲ್ಲ ಹೊರಟರು, ಜೊತೆಗೆ ಪರಿಚಯದ ಮೆಕ್ಯಾನಿಕ್. ಎಂಜಿನ್ನು ತಣ್ಣಗಿರುವಾಗಲೇ ನೋಡಬೇಕೆಂದು ಮೊದಲೇ ಫೋನು ಮಾಡಿ, "ನಾವು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ" ಎಂದು ಹೇಳಿಸಿದ್ದ. ಮೀಟರು ಎಪ್ಪತ್ತು ಸಾವಿರ ತೋರಿಸುತ್ತಿತ್ತು. ಆತ ಮೀಟರು ನೋಡಲಿಲ್ಲ. ಕ್ಲಚ್ ಪೆಡಲಿನ ರಬ್ಬರಿನ ಸವೆತ ನೋಡಿದ, ಸ್ಟೀರಿಂಗಿನ ಹೊಳಪು ನೋಡಿದ, ಸರ್ವಿಸ್ ಬಿಲ್ಲುಗಳನ್ನು ಇಸವಿಯಂತೆ ಜೋಡಿಸಿ ಅವುಗಳಲ್ಲಿದ್ದ ಕಿ.ಮೀ. ಓದಿಸಿದ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆಯಲ್ಲಿ ಕೆಸರಿನ ಗೆರೆ ಇದೆಯೇ ಎಂದು ಪರೀಕ್ಷಿಸಿದ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು ಕಡೆ ನೀರು ನುಗ್ಗಿದಾಗ ಎಷ್ಟೋ ದೊಡ್ಡ ಕಾರುಗಳು ಮುಳುಗಿದ್ದವು. ತೊಳೆದು ಒರೆಸಿದರೂ ಬೆಲ್ಟಿನ ಸುರುಳಿಯೊಳಗೆ ಗುರುತು ಉಳಿದುಬಿಡುತ್ತದೆ. ಮಗನಿಗೆ ಟೈರಿನ ಕೆಲಸ. ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿ 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಇಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಅದೇ. ಕಚ್ಚು ಚೆನ್ನಾಗಿದ್ದರೂ ರಬ್ಬರು ಹಳತಾಗಿದೆ ಎಂದು ನಾಲ್ಕು ಟೈರಿನ ದುಡ್ಡನ್ನು ಬೆಲೆಯಲ್ಲಿ ಕಳೆದರು.

ಇತ್ತ ತಮ್ಮ ಹಳೆಯ ಕಾರಿಗೆ ಅರಕಲಗೂಡಿನ ನೆಂಟರೊಬ್ಬರು ಗಿರಾಕಿ. "ಫಾರಂಗೆ ಸಹಿ ಹಾಕಿ ಕೊಡಿ, ಆರ್.ಸಿ. ನಿಧಾನಕ್ಕೆ ಮಾಡಿಸ್ಕೊಳ್ಳೋಣ" ಎಂದರು. ಹಳ್ಳಿಪಟ್ಟಣಗಳಲ್ಲಿ ಎಷ್ಟೋ ಕಾರುಗಳು ಕೈ ಬದಲಾಯಿಸುವುದು ಹೀಗೆಯೇ, ದೊಡ್ಡ ಅಪಾಯವಿರುವುದೂ ಇಲ್ಲಿಯೇ. ಕೈಯಿಂದ ಕೈಗೆ ಮಾರಾಟವಾಗಿ ಹೋದ ಕಾರೊಂದು ಅಪಘಾತ ಮಾಡಿದ ಪ್ರಕರಣದಲ್ಲಿ 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ: ಆರ್.ಟಿ.ಓ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ. ಎರಡು ವರ್ಷದ ಹಿಂದೆ ಮಾರಿದ ಕಾರು ಯಾವನೋ ಓಡಿಸಿ ಯಾರಿಗೋ ಗುದ್ದಿದರೆ ನೋಟೀಸು ಹೊಳೆನರಸೀಪುರದ ಈ ಮನೆಗೆ ಬರುತ್ತದೆ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಫಾರಂ 29, 30ರ ಮೂಲಕ ತಿಳಿಸಬೇಕು. ವಿಮೆಯ ಹೆಸರು ಬದಲಾವಣೆಗೂ 14 ದಿನ. ನೆಂಟರಿಗೆ ಬೇಸರವಾಯಿತು. ಆದರೂ ಸೋಮವಾರ ಇಬ್ಬರೂ ಕೂಡಿ ಹಾಸನದ ಆರ್.ಟಿ.ಓ. ಕಚೇರಿಗೆ ಹೋಗುವುದೆಂದಾಯಿತು.

ಕೊರೊಲಾದಲ್ಲಿ ಆರು ಜನರನ್ನೂ ತುಂಬಿಕೊಂಡು ಹಂಪುಗಳಿರುವ ರಸ್ತೆಯಲ್ಲಿ ಒಂದು ಸುತ್ತು ಹಾಕಿದರು. ಭಾರಕ್ಕೆ ತಳ ಒಂದು ಕಡೆ ತಾಗಿತು. ಅಪ್ಪ ಅದನ್ನು ಕೇಳಿಸಿಕೊಂಡಂತೆ ತೋರಲಿಲ್ಲ. ಮರಳಿ ಬಂದು ಮುಂಗಡದ ಮಾತು ತೆಗೆದಾಗ ಮಗಳು ಆರ್.ಸಿ. ಕಾರ್ಡು ಹಿಡಿದು ಓದಿದಳು. ಸಾಲ ಕೊಟ್ಟಿದ್ದ ಬ್ಯಾಂಕಿನ ಹೆಸರು ಅದರಲ್ಲಿ ಇನ್ನೂ ಇತ್ತು. "ಸಾಲ ತೀರಿಸಿ ನಾಲ್ಕು ವರ್ಷ ಆಯ್ತಮ್ಮ" ಎಂದರು ವ್ಯಾಪಾರಿ.

"ಹಾಗಾದ್ರೆ ಬ್ಯಾಂಕಿನಿಂದ ಕಾಗದ, ಫಾರಂ 35 ತನ್ನಿ ಅಣ್ಣಾ. ಹೆಸರು ತೆಗೆಸಿದ ಮೇಲೆ ಬರ್ತೀವಿ" ಎಂದು ಅಮ್ಮ ಎದ್ದು ನಿಂತಳು.